ಗೋಡೆಯ ಮೇಲಿನ ಜಿರಾಫೆ, ಗುಡ್ಡದ ಮೇಲಿನ ಗೌಜಲ

ಕಳೆದ ಚಳಿಗಾಲದಲ್ಲಿ ನಮ್ಮ ಗುಡ್ಡದ ಅಂಚಿನ ತಾಂಡಾವೊಂದರ ಶಾಲೆಗೆ ತೊಗರಿಯ ಕೀಟಗಳ ವಿಷಯವಾಗಿ ಮಕ್ಕಳೊಡನೆ ಮಾತನಾಡಲು ಹೋಗಿದ್ದೆ. ಶಾಲೆಯ ಗೋಡೆಗಳಿಗೆ ಹೊಸದಾಗಿ ಬಣ್ಣ ಬಳಿದು ಚಿತ್ರ ಬರೆಸಿದ್ದರು. ಬಾಗಿಲಿನ ಎಡಕ್ಕೆ ಜಿರಾಫೆ, ಬಲಕ್ಕೆ ಕಾಂಗರೂ, ನೀರಿನ ತೊಟ್ಟಿಯ ಮೇಲೆ ಮೂರು ಪೆಂಗ್ವಿನ್‌ಗಳು. ಒಂದು ಗಿಳಿಯೂ ಇತ್ತು. ಆದರೆ ಅದರ ಮೈಮೇಲೆ ಕೆಂಪು, ನೀಲಿ, ಹಳದಿ ಮೂರೂ ಬಣ್ಣಗಳಿದ್ದು, ಅದು ದಕ್ಷಿಣ ಅಮೆರಿಕದ ಮಕಾವ್ ಎಂಬುದು ಸ್ಪಷ್ಟವಾಗಿತ್ತು. ಕೆಲಸವೇನೋ ಅಚ್ಚುಕಟ್ಟಾಗಿತ್ತು. ಐದನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದು, "ಸರ, ಈ ಉದ್ದ ಕುತ್ತಿಗಿ ಪ್ರಾಣಿ ಕುಂಚಾವರಂ ಅಡವ್ಯಾಗ ಅದ ಏನ್ರಿ?" ಎಂದು ಕೇಳಿದಳು. ಇಲ್ಲಮ್ಮಾ, ಅದು ಆಫ್ರಿಕಾ ಖಂಡದ್ದು ಎಂದೆ. "ಮತ್ತ ಇಲ್ಲಿ ಯಾಕ ಬರದಾರ್ರಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಕೀಟಗಳ ಪಾಠವನ್ನು ಬದಿಗಿಟ್ಟು ಮಕ್ಕಳಿಗೆ ಹಾಳೆಗಳನ್ನು ಹಂಚಿ, ನೀವು ಕಂಡ ಹಕ್ಕಿಯೊಂದರ ಚಿತ್ರ ಬರೆಯಿರಿ ಎಂದೆ. ಬಹುತೇಕ ಎಲ್ಲರೂ ನವಿಲು ಬರೆದರು. ಅದೂ ಗರಿ ಬಿಚ್ಚಿ ಎದುರಿಗೆ ನಿಂತ, ಪಠ್ಯಪುಸ್ತಕದ ನವಿಲು. ಕೆಲವರು ಕೊಳದಲ್ಲಿ ಈಜುವ ಬಿಳಿಯ ಬಾತುಕೋಳಿ ಬರೆದರು. ಆ ತಾಂಡಾದ ಸುತ್ತ ಅಂಥ ಕೊಳವೂ ಇಲ್ಲ, ಅಂಥ ಬಾತೂ ಇಲ್ಲ. ನಾವು ಕುಳಿತಿದ್ದ ಕೋಣೆಯ ಹಿಂದಿನ ಬೇಲಿಯಲ್ಲಿ ಅದೇ ಹೊತ್ತಿನಲ್ಲಿ ಗೌಜಲ ಹಕ್ಕಿಯೊಂದು ಗಂಟಲು ಹರಿಯುವಂತೆ ಕೂಗುತ್ತಿತ್ತು. ಅದನ್ನು ಒಬ್ಬರೂ ಬರೆಯಲಿಲ್ಲ.

ಇದನ್ನು ಮಕ್ಕಳ ತಪ್ಪೆಂದು ನಾನು ಹೇಳುತ್ತಿಲ್ಲ, ಶಿಕ್ಷಕರ ತಪ್ಪೆಂದೂ ಅಲ್ಲ. ಗೋಡೆಗೆ ಚಿತ್ರ ಬರೆದ ಕಲಾವಿದ ತನ್ನ ಬಳಿಯಿದ್ದ ಮಾದರಿ ಪುಸ್ತಕವನ್ನು ನೋಡಿ ಬರೆದ. ಆ ಪುಸ್ತಕ ಬೇರಾವುದೋ ನಗರದಲ್ಲಿ ಅಚ್ಚಾದದ್ದು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಈ ನೆಲಕ್ಕೆ ಇನ್ನೊಬ್ಬರ ಮಾದರಿ ಪುಸ್ತಕ ಬೇಕಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಾಣಿಪಕ್ಷಿಗಳನ್ನು ಕಲ್ಲಿನಲ್ಲಿ ಮೂಡಿಸುವ ವಿದ್ಯೆ ಇಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯದು.

ಚಿತ್ತಾಪುರ ತಾಲೂಕಿನ ಸನ್ನತಿಯ ಹೆಸರನ್ನು ಚಂದ್ರಲಾಂಬೆಯ ದರ್ಶನಕ್ಕೆ ಹೋದವರೆಲ್ಲರೂ ಬಲ್ಲರು. 1986ರಲ್ಲಿ ಆ ದೇವಾಲಯದ ಆವರಣದ ಕಾಳಿ ಗುಡಿಯ ಮೇಲ್ಛಾವಣಿ ಕುಸಿದು ಬಿದ್ದಾಗ, ವಿಗ್ರಹದ ಕೆಳಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಾಣಿಸಿಕೊಂಡವು. ಅಲ್ಲಿಂದ ತುಸು ದೂರದ ಕನಗನಹಳ್ಳಿಯಲ್ಲಿ, ಭೀಮಾ ನದಿಯ ಎಡದಂಡೆಯ ಹೊಲಗಳ ನಡುವೆ, 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯು ಉತ್ಖನನ ನಡೆಸಿ ಬೃಹತ್ ಬೌದ್ಧ ಸ್ತೂಪವೊಂದನ್ನು ಹೊರತೆಗೆಯಿತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರನ್ನೇ ಕೆತ್ತಿದ, ರಾಣಿ ಪರಿಚಾರಿಕೆಯರೊಡನೆ ನಿಂತ ಆತನ ಶಿಲ್ಪ ದೊರೆತದ್ದು ಅಲ್ಲಿಯೇ. ಪತ್ರಿಕೆಗಳು ಆ ಒಂದು ಶಿಲ್ಪದ ಬಗೆಗೆ ಸಾಕಷ್ಟು ಬರೆದಿವೆ. ಸ್ತೂಪದ ಉಳಿದ ಫಲಕಗಳಲ್ಲಿರುವ ಆನೆ, ಕುದುರೆ, ಸಿಂಹ, ನಾಗಗಳ ಬಗೆಗೆ, ಜಾತಕ ಕಥೆಗಳ ಮೂಕ ಪಾತ್ರಗಳ ಬಗೆಗೆ ಬರೆದವರು ಕಡಿಮೆ.

ಆ ಫಲಕಗಳ ಕಲ್ಲು ಯಾವುದೆಂದು ನಮ್ಮ ಭಾಗದ ಯಾವ ಪರ್ಸಿ ಖಣಿಯ ಕೂಲಿಕಾರನೂ ಕೈಯಾಡಿಸಿ ಹೇಳಬಲ್ಲ. ಅದು ಭೀಮಾ ಕಣಿವೆಯ ಸುಣ್ಣಕಲ್ಲು. ಶಹಾಬಾದ್ ಕಲ್ಲೆಂದು ದೇಶವೆಲ್ಲ ಹೆಸರಾಗಿ ನಮ್ಮ ಮನೆಗಳ ನೆಲಕ್ಕೆ ಹಾಸಿರುವುದೂ ಇದೇ ಬಳಗದ ಕಲ್ಲು. ವಾಡಿ, ಶಹಾಬಾದ್, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ಅರೆದು ಸುಟ್ಟು ಪುಡಿ ಮಾಡುವುದೂ ಇದನ್ನೇ. ಪದರ ಪದರವಾಗಿ ಬಿಚ್ಚಿಕೊಳ್ಳುವ, ಉಳಿಗೆ ಮಣಿಯುವ ನುಣುಪಾದ ಕಲ್ಲು ಇಲ್ಲಿ ಕೈಗೆಟುಕುವಂತಿದ್ದುದರಿಂದಲೇ ಶಾತವಾಹನರ ಕಾಲದ ಶಿಲ್ಪಿ ಪ್ರಾಣಿಯ ಮೈಮಡಿಕೆಗಳನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಲು ಸಾಧ್ಯವಾಯಿತು. ಕರಿಯ ಬಸಾಲ್ಟ್ ಕಲ್ಲಿನಲ್ಲಿ ಆ ಕೆಲಸ ಅಷ್ಟು ಸುಲಭವಲ್ಲ. ನಮ್ಮ ಗುಡ್ಡದ ನೀರು ಮುಲ್ಲಾಮಾರಿಗೆ ಇಳಿದು, ಮುಲ್ಲಾಮಾರಿ ಕಾಗಿಣಾವನ್ನು ಕೂಡಿ, ಕಾಗಿಣಾ ಭೀಮೆಯನ್ನು ಸೇರಿ ಸನ್ನತಿಯ ದಂಡೆಯನ್ನು ತೊಳೆದು ಮುಂದೆ ಹೋಗುತ್ತದೆ. ಸ್ತೂಪವು ನಮಗೆ ದೂರದ್ದೆಂದು ತಿಳಿಯುವವರು ಈ ಹರಿವನ್ನೊಮ್ಮೆ ನೆನೆಯಬೇಕು.

ಜಾತಕ ಕಥೆಗಳಲ್ಲಿ ಬೋಧಿಸತ್ವನು ಆನೆಯಾಗಿ, ಜಿಂಕೆಯಾಗಿ, ಕಪಿಯಾಗಿ, ಹಂಸವಾಗಿ ಹುಟ್ಟುತ್ತಾನೆ. ಪಾಲಿ ಸಂಗ್ರಹದಲ್ಲಿ ಇಂಥ 547 ಕಥೆಗಳಿವೆ. ಶಾಲೆಯ ಬೇಲಿಯಲ್ಲಿ ಕೂಗುತ್ತಿದ್ದ ಹಕ್ಕಿಗೂ ಅವುಗಳಲ್ಲೊಂದು ಕಥೆಯಿದೆ. ಹಿಮಾಲಯದ ತಪ್ಪಲಿನ ದೊಡ್ಡ ಆಲದ ಮರದ ಬಳಿ ಒಂದು ಆನೆ, ಒಂದು ಕೋತಿ, ಒಂದು ತಿತ್ತಿರಿ ಹಕ್ಕಿ ವಾಸಿಸುತ್ತಿದ್ದವು. ನಮ್ಮಲ್ಲಿ ಹಿರಿಯರು ಯಾರು ಎಂಬ ಮಾತು ಬಂತು. ತಾನು ಮರಿಯಾಗಿದ್ದಾಗ ಈ ಮರ ತನ್ನ ಹೊಟ್ಟೆಗೆ ತಗಲುವಷ್ಟು ಇತ್ತೆಂದು ಆನೆ ಹೇಳಿತು. ತಾನು ನೆಲದ ಮೇಲೆ ಕುಳಿತೇ ಅದರ ಚಿಗುರು ತಿನ್ನುತ್ತಿದ್ದೆನೆಂದು ಕೋತಿ ಹೇಳಿತು. ಎಲ್ಲಿಯೋ ತಿಂದ ಹಣ್ಣಿನ ಬೀಜವನ್ನು ತಾನು ಇಲ್ಲಿ ಹಿಕ್ಕೆಯಾಗಿ ಹಾಕಿದ್ದರಿಂದಲೇ ಈ ಮರ ಹುಟ್ಟಿತೆಂದು ತಿತ್ತಿರಿ ಹೇಳಿತು. ಅಂದಿನಿಂದ ಆನೆ, ಕೋತಿಗಳೆರಡೂ ಆ ಸಣ್ಣ ಹಕ್ಕಿಗೆ ನಮಸ್ಕರಿಸಿ ನಡೆದವು. ಆಲದ ಬೀಜ ಹಕ್ಕಿಯ ಹೊಟ್ಟೆಯ ಮೂಲಕ ಹರಡುತ್ತದೆ ಎಂಬ ಸಸ್ಯಶಾಸ್ತ್ರದ ಪಾಠವನ್ನು ನಾನು ಪದವಿ ತರಗತಿಯಲ್ಲಿ ಕಲಿತೆ. ಕಥೆಗಾರನಿಗೆ ಅದು ಮೊದಲೇ ಗೊತ್ತಿತ್ತು. ತಿತ್ತಿರಿ ಎಂದರೆ ನಮ್ಮ ಗೌಜಲದ ಬಳಗ. ನಮ್ಮೂರ ಪೇಟೆಯ ದಖನಿ ಮಾತಿನಲ್ಲಿ ಇಂದಿಗೂ ಅದನ್ನು ತೀತರ್ ಎಂದೇ ಕರೆಯುತ್ತಾರೆ. ಹೆಸರು ಎರಡು ಸಾವಿರ ವರ್ಷಗಳಿಂದ ನಾಲಿಗೆಯ ಮೇಲೆ ಉಳಿದಿದೆ.

ಅಶೋಕನ ಮಾತು ಬಂದುದರಿಂದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ. ಸನ್ನತಿಯ ಕಲ್ಲಿನ ಮೇಲಿರುವುದಲ್ಲ, ಉತ್ತರ ಭಾರತದ ಕಂಬಗಳ ಮೇಲಿರುವ ಐದನೆಯ ಸ್ತಂಭಶಾಸನದಲ್ಲಿ, ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ತಾನು ಕೊಲ್ಲಬಾರದೆಂದು ವಿಧಿಸಿದ ಜೀವಿಗಳನ್ನು ಆತ ಒಂದೊಂದಾಗಿ ಹೆಸರಿಸುತ್ತಾನೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಬಿಳಿ ಪಾರಿವಾಳ, ಊರ ಪಾರಿವಾಳ, ಹೀಗೆ ಪಟ್ಟಿ ಸಾಗುತ್ತದೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದು, ವ್ಯರ್ಥವಾಗಿಯಾಗಲಿ ಜೀವಹಿಂಸೆಗಾಗಿಯಾಗಲಿ ಕಾಡಿಗೆ ಬೆಂಕಿ ಇಡಬಾರದು ಎಂದೂ ಅಲ್ಲಿದೆ. ಪ್ರತಿ ಬೇಸಿಗೆಯಲ್ಲಿ ನಮ್ಮ ಗುಡ್ಡದ ಹುಲ್ಲಿಗೆ ಬೆಂಕಿ ಬೀಳುವುದನ್ನು ನೋಡುವ ನಮಗೆ ಈ ಸಾಲು ಹಳೆಯದೆನ್ನಿಸುವುದಿಲ್ಲ. 'ಪ್ರಾಣಿಗಳನ್ನು ಕೊಲ್ಲಬೇಡಿ' ಎಂದು ಒಟ್ಟಾಗಿ ಹೇಳುವುದು ಸುಲಭ. ಆದರೆ ಅರಸನು ಗೊರವಂಕವನ್ನು ಗೊರವಂಕವೆಂದು ಬಲ್ಲವನಾಗಿದ್ದ, ಇಲ್ಲವೆ ಬಲ್ಲವರನ್ನು ಕೇಳಿ ಬರೆಸಿದ. ಕಾಪಾಡುವುದಕ್ಕೆ ಮೊದಲು ಗುರುತಿಸಬೇಕಷ್ಟೆ.

ಏಷ್ಯಾದ ಚಿತ್ರಕಲೆಯಲ್ಲಿ ಈ ಗುರುತಿಸುವಿಕೆ ಎಷ್ಟು ಆಳವಾಗಿತ್ತೆಂಬುದಕ್ಕೆ ನಿದರ್ಶನಗಳು ಹೇರಳವಾಗಿವೆ. ಹತ್ತನೆಯ ಶತಮಾನದ ಚೀನಾದಲ್ಲಿ ಹುವಾಂಗ್ ಚುವಾನ್ ಎಂಬ ಚಿತ್ರಕಾರ ತನ್ನ ಮಗನಿಗೆ ಕಲಿಸುವ ಸಲುವಾಗಿ ರೇಷ್ಮೆಯ ಮೇಲೆ ಹಕ್ಕಿಗಳು, ಕೀಟಗಳು, ಆಮೆಗಳನ್ನು ಬಿಡಿಬಿಡಿಯಾಗಿ ಬರೆದಿಟ್ಟ. ಹಿನ್ನೆಲೆಯಿಲ್ಲ, ಬೆಟ್ಟವಿಲ್ಲ, ಹೂವಿಲ್ಲ. ಗುಬ್ಬಚ್ಚಿ ಗುಬ್ಬಚ್ಚಿಯಾಗಿ, ಮಿಡತೆ ಮಿಡತೆಯಾಗಿ ಕಾಣಬೇಕು ಎಂಬುದಷ್ಟೇ ಅದರ ಗುರಿ. ಸಾವಿರ ವರ್ಷಗಳಾದರೂ ಆ ಪಾಠದ ಹಾಳೆ ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಹದಿನೆಂಟನೆಯ ಶತಮಾನದ ಜಪಾನಿನಲ್ಲಿ ಇತೋ ಜಾಕುಚೂ ಎಂಬವನು ಮನೆಯ ಅಂಗಳದಲ್ಲಿ ಕೋಳಿಗಳನ್ನು ಸಾಕಿ, ಬಹುಕಾಲ ಅವುಗಳನ್ನೇ ನೋಡುತ್ತ ಕುಳಿತು, ಆಮೇಲೆ ಕುಂಚ ಹಿಡಿದ. ನಮ್ಮ ತಾಂಡಾಗಳಲ್ಲಿ ಕೋಳಿಗಳಿಗೇನೂ ಕೊರತೆಯಿಲ್ಲ ಎಂಬುದನ್ನು ಇಲ್ಲಿ ಸೇರಿಸಬಯಸುತ್ತೇನೆ.

ನಮ್ಮ ದೇಶಕ್ಕೇ ಬಂದರೆ, ಮೊಗಲ ಬಾದಶಹ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್. ಆತ ಬರೆದ ಸೈಬೀರಿಯನ್ ಕೊಕ್ಕರೆಯ ಚಿತ್ರ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಯುರೋಪಿನ ವಿಜ್ಞಾನಿ ಪಲ್ಲಾಸ್ ಆ ಹಕ್ಕಿಗೆ ವೈಜ್ಞಾನಿಕ ಹೆಸರಿಟ್ಟದ್ದು 1773ರಲ್ಲಿ. ಅದಕ್ಕೆ ಒಂದು ಶತಮಾನಕ್ಕೂ ಮುಂಚೆಯೇ ಮನ್ಸೂರ್ ಅದರ ಕೆಂಪು ಮೊಗವನ್ನು, ಕಾಲಿನ ಬಣ್ಣವನ್ನು ಕಂಡಂತೆ ಬರೆದಿದ್ದ. ಇದೇ ಕೊಕ್ಕರೆ ರಾಜಸ್ಥಾನದ ಭರತಪುರದ ಕೇವಲಾದೇವ್‌ಗೆ ಪ್ರತಿ ಚಳಿಗಾಲ ಬರುತ್ತಿತ್ತು. 2002ರ ಬಳಿಕ ಅಲ್ಲಿಗೆ ಬಂದಿಲ್ಲ. ಮನ್ಸೂರನದೆಂದು ಹೇಳಲಾಗುವ ಇನ್ನೊಂದು ಚಿತ್ರದಲ್ಲಿ ಡೋಡೋ ಹಕ್ಕಿಯಿದೆ. ಮಾರಿಷಸ್ ದ್ವೀಪದ ಆ ಹಕ್ಕಿ ಹದಿನೇಳನೆಯ ಶತಮಾನದಲ್ಲಿಯೇ ಭೂಮಿಯಿಂದ ಅಳಿದುಹೋಯಿತು. ಡೋಡೋ ನಿಜವಾಗಿ ಹೇಗಿತ್ತೆಂದು ತಿಳಿಯಬಯಸುವ ವಿಜ್ಞಾನಿಗಳು ಇಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಆ ಭಾರತೀಯ ಚಿತ್ರವನ್ನು ನೋಡುತ್ತಾರೆ.

ನಮ್ಮ ಚಳವಳಿಯ ಕೆಲ ಗೆಳೆಯರು ಇಲ್ಲಿಯೇ ನನ್ನನ್ನು ತಡೆಯುತ್ತಾರೆ. ಚಿತ್ರ ಬರೆದ ಮಾತ್ರಕ್ಕೆ ಹಕ್ಕಿ ಉಳಿಯಿತೆ? ಡೋಡೋ ಉಳಿಯಲಿಲ್ಲ, ಕೊಕ್ಕರೆ ಭರತಪುರಕ್ಕೆ ಮರಳಲಿಲ್ಲ. ಗಣಿಯ ಗುತ್ತಿಗೆ, ಕಾಡಿನ ಒತ್ತುವರಿ, ಕುಡಿಯುವ ನೀರು ಇವುಗಳ ಬಗೆಗೆ ಹೋರಾಡಬೇಕಾದ ಹೊತ್ತಿನಲ್ಲಿ ಕಲೆಯ ಮಾತು ವಿಲಾಸವಲ್ಲವೆ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಕಲೆ ಹಲವು ಸಲ ಜೀವಿಗೆ ಮಿತ್ರನಾಗಿರಲಿಲ್ಲ ಎಂಬುದೂ ನಿಜ. ಮನ್ಸೂರ್ ಬರೆದ ಹಕ್ಕಿಗಳಲ್ಲಿ ಹಲವು ಪಂಜರದ ಹಕ್ಕಿಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಹಕ್ಕಿಗಳ ಪುಸ್ತಕ ಮಾಡಿದ ಆಂಗ್ಲ ಅಧಿಕಾರಿಗಳು ಮೊದಲು ಗುಂಡು ಹಾರಿಸಿ, ಬಿದ್ದ ಹಕ್ಕಿಯನ್ನು ಮುಂದಿಟ್ಟುಕೊಂಡು ಚಿತ್ರ ಬರೆಸಿದರು. ಮೊಗಲರ ಚಿತ್ರಗಳಲ್ಲಿ ಚೀತಾ ಎಷ್ಟು ಸುಂದರವಾಗಿ ಓಡುತ್ತದೆ! ಅದು ಓಡುತ್ತಿರುವುದು ಬಾದಶಹನ ಪರವಾಗಿ ಚಿಗರಿಯನ್ನು ಹಿಡಿಯಲು. 1947ರಲ್ಲಿ ಮಧ್ಯ ಭಾರತದ ಕೊರಿಯಾದಲ್ಲಿ ಕೊನೆಯ ಮೂರು ಚೀತಾಗಳು ಗುಂಡಿಗೆ ಬಲಿಯಾದವು. 1952ರಲ್ಲಿ ಅದು ದೇಶದಿಂದ ಅಳಿದುಹೋಗಿದೆ ಎಂದು ಸಾರಲಾಯಿತು. 2022ರಲ್ಲಿ ಕುನೋ ಕಾಡಿಗೆ ತಂದು ಬಿಟ್ಟವು ಆಫ್ರಿಕಾದ ಚೀತಾಗಳು. ಕನ್ನಡದಲ್ಲಿ ಆ ಪ್ರಾಣಿಗೆ ಸಿವಂಗಿ ಎಂಬ ಚೆಲುವಾದ ಹೆಸರಿದೆ. ಪ್ರಾಣಿ ಹೋಯಿತು, ಹೆಸರು ನಿಘಂಟಿನಲ್ಲಿ ಕುಳಿತಿದೆ.

ಆದರೂ ಗೆಳೆಯರ ಮಾತಿಗೆ ನನ್ನ ಉತ್ತರವೊಂದಿದೆ, ಅದು ನಮ್ಮಿಂದ ಬಹಳ ದೂರವಲ್ಲದ ಆಂಧ್ರದ ಕಡಪದಿಂದ ಬಂದದ್ದು. ಜರ್ಡನ್ ಎಂಬ ವೈದ್ಯ 1840ರ ದಶಕದಲ್ಲಿ ಪೂರ್ವಘಟ್ಟದ ಒಣ ಕುರುಚಲಿನಲ್ಲಿ ರಾತ್ರಿ ಸಂಚರಿಸುವ ಹಕ್ಕಿಯೊಂದನ್ನು ಗುರುತಿಸಿದ. 1900ರ ಬಳಿಕ ಅದನ್ನು ಕಂಡವರಿರಲಿಲ್ಲ. ಅಳಿದುಹೋಯಿತೆಂದೇ ಬಹುಜನರು ಭಾವಿಸಿದ್ದರು. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅದರ ಚಿತ್ರವನ್ನು ಹಳ್ಳಿಗಳಲ್ಲಿ ಹಂಚಿ, ಬೇಟೆಯಾಡುವವರಿಗೂ ದನ ಮೇಯಿಸುವವರಿಗೂ ತೋರಿಸಿ ಕೇಳುತ್ತ ಹೋದರು. 1986ರಲ್ಲಿ ಹಳ್ಳಿಗನೊಬ್ಬ ರಾತ್ರಿ ದೀಪದ ಬೆಳಕಿನಲ್ಲಿ ಆ ಹಕ್ಕಿಯನ್ನು ಕಂಡು ಹಿಡಿದು ತಂದ. ಎಂಬತ್ತಕ್ಕೂ ಹೆಚ್ಚು ವರ್ಷ ಕಳೆದುಹೋಗಿದ್ದ ಹಕ್ಕಿ ಮರಳಿ ದೊರೆತದ್ದು ಒಂದು ಚಿತ್ರ ಸರಿಯಾದ ಕೈಗೆ ತಲುಪಿದ್ದರಿಂದ. ಆ ಚಿತ್ರದ ಬದಲು ಅವನ ಊರ ಶಾಲೆಯ ಗೋಡೆಯ ಮೇಲೆ ಪೆಂಗ್ವಿನ್ ಇದ್ದಿದ್ದರೆ ಏನಾಗುತ್ತಿತ್ತು?

ನಮ್ಮ ಕಾಡೂ ಅಂಥದೇ ಒಣ ಕುರುಚಲು. ಚಿಂಚೋಳಿ ವನ್ಯಜೀವಿ ಧಾಮವನ್ನು 2011ರಲ್ಲಿ ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 134.88 ಚದರ ಕಿಲೋಮೀಟರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಅದನ್ನು ಕರೆಯಲಾಗಿದೆ. ತೋಳ, ಕತ್ತೆಕಿರುಬ, ನರಿ, ಚಿಗರಿಗಳಿಗೆ ಅದು ನೆಲೆ. ಕಾಜಾಣ, ಕರಿತಲೆಯ ಹೊನ್ನಕ್ಕಿ, ಹೂಬಣ್ಣದ ತಲೆಯ ಗಿಳಿ, ಗೌಜಲ ಇವೆಲ್ಲ ಅಲ್ಲಿನ ಹಕ್ಕಿಗಳು. ಧಾಮದ ಘೋಷಣೆಯಾದಾಗ ತಾಂಡಾಗಳಲ್ಲಿ ಹುಟ್ಟಿದ ಭಯ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಸೌದೆ, ಮೇವು, ದಾರಿ, ಊರು ಇವೆಲ್ಲ ಏನಾಗುವುವೋ ಎಂಬ ಆತಂಕ ನ್ಯಾಯವಾದದ್ದೆಂದು ನಾನು ಬಲ್ಲೆ. ಅರಣ್ಯ ಹಕ್ಕುಗಳ ಕಾಯ್ದೆಯ ಮಾತನ್ನು ಬಿಟ್ಟು ಧಾಮದ ಮಾತನ್ನಾಡುವುದು ಸಲ್ಲದು. ಆದರೆ ಯಾವ ಪ್ರಾಣಿಗಾಗಿ ಈ ಗೆರೆ ಎಳೆಯಲಾಗಿದೆಯೋ ಆ ಪ್ರಾಣಿಯ ಚಿತ್ರವನ್ನೇ ಜನ ಎಲ್ಲಿಯೂ ಕಂಡಿಲ್ಲ. ತೋಳವೆಂದರೆ ಕುರಿ ತಿನ್ನುವುದು, ಕತ್ತೆಕಿರುಬವೆಂದರೆ ಅಪಶಕುನ, ಇಷ್ಟೇ. ಪ್ರವಾಸಿಗರಿಗಾಗಿ ಎಲ್ಲೆಡೆ ನೆಡುವ ಫಲಕಗಳಲ್ಲಿ ಹುಲಿ ಗರ್ಜಿಸುತ್ತಿರುತ್ತದೆ. ನಮ್ಮ ತೋಳಕ್ಕೆ ತನ್ನ ಊರಿನಲ್ಲಿಯೇ ಒಂದು ಗೌರವದ ಚಿತ್ರವಿಲ್ಲ.

ಕೃಷಿವಿಜ್ಞಾನಿಯಾಗಿ ನನಗೆ ಹೆಚ್ಚು ಬಾಧಿಸುವುದು ಹೊಲದ ಹಕ್ಕಿಗಳ ಮಾತು. ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಬೀಳುತ್ತದೆ. ನಾವು ಕೀಡಿ ಎನ್ನುವ ಆ ಹುಳು ಹೆಲಿಕೋವರ್ಪಾ. 1997-98ರಲ್ಲಿ ಅದರ ಹಾವಳಿ ಬೀದರ, ಕಲಬುರಗಿ ಜಿಲ್ಲೆಗಳ ರೈತರನ್ನು ಯಾವ ಗತಿಗೆ ತಂದಿತೆಂಬುದನ್ನು ಹಿರಿಯರು ಮರೆತಿಲ್ಲ. ಔಷಧ ಹೊಡೆದು ಹೊಡೆದು ಕೀಡಿ ಔಷಧಕ್ಕೆ ಒಗ್ಗಿಕೊಂಡಿತು, ರೈತ ಸಾಲಕ್ಕೆ ಒಗ್ಗಿಕೊಂಡ. ಆ ಕೀಡಿಯನ್ನು ಪುಕ್ಕಟೆಯಾಗಿ ತಿನ್ನುವ ಕಾಜಾಣ, ಗೊರವಂಕ, ಬೆಳ್ಳಕ್ಕಿಗಳು ಹೊಲಕ್ಕೆ ಬರಬೇಕಾದರೆ ಕೂರಲು ಎತ್ತರದ ಆಸರೆ ಬೇಕು. ಆದ್ದರಿಂದಲೇ ತೊಗರಿಯ ನಡುವೆ ಕವಲುಗೋಲುಗಳನ್ನು ನೆಡಿರಿ, ಬಿತ್ತುವಾಗ ಬೀಜದಲ್ಲಿ ಒಂದಿಷ್ಟು ಜೋಳ ಬೆರೆಸಿರಿ, ಜೋಳದ ತೆನೆಯ ಮೇಲೆ ಹಕ್ಕಿ ಕುಳಿತು ಕೀಡಿ ಹೆಕ್ಕುತ್ತದೆ ಎಂದು ನಾವು ಹೇಳುತ್ತ ಬಂದಿದ್ದೇವೆ. ಬಹಳ ಜನ ಕೇಳುತ್ತಾರೆ, ತಲೆಯಾಡಿಸುತ್ತಾರೆ. ಗೋಲು ನೆಡುವವರು ವಿರಳ.

ಇದಕ್ಕೆ ಕಾರಣವೇನೆಂದು ನಾನು ಬಹುಕಾಲ ಯೋಚಿಸಿದ್ದೇನೆ. ಕಾಜಾಣವನ್ನು ರೈತ ಕಂಡಿಲ್ಲವೆಂದಲ್ಲ. ಎಮ್ಮೆಯ ಬೆನ್ನ ಮೇಲೆ ದಿನವೂ ಕಾಣುತ್ತಾನೆ. ಆದರೆ ಅದು ನೋಡತಕ್ಕ ವಸ್ತು ಎಂದು ಅವನಿಗೆ ಯಾರೂ ಹೇಳಿಲ್ಲ. ಶಾಲೆ ಹೇಳಲಿಲ್ಲ, ಗೋಡೆ ಹೇಳಲಿಲ್ಲ, ಕ್ಯಾಲೆಂಡರ್ ಹೇಳಲಿಲ್ಲ. ನಾನು ಕಲಿತ ಕೃಷಿ ಪಠ್ಯಪುಸ್ತಕಗಳೂ ಹಾನಿಕಾರಕ ಹಕ್ಕಿಗಳನ್ನು ಚಿತ್ರಸಹಿತ ಹೇಳಿ, ಉಪಕಾರಿ ಹಕ್ಕಿಗಳನ್ನು ಒಂದು ಸಾಲಿನಲ್ಲಿ ಮುಗಿಸಿದ್ದವು. ಔಷಧದ ಅಂಗಡಿಯಲ್ಲಿ ಮಾತ್ರ ಕೀಡಿಯ ಚಿತ್ರ ಗೋಡೆಯಷ್ಟು ದೊಡ್ಡದಾಗಿ, ಬಣ್ಣಬಣ್ಣವಾಗಿ ಇರುತ್ತದೆ. ಯಾರ ಚಿತ್ರ ದೊಡ್ಡದೋ ಅವರ ಮಾತು ನಡೆಯುತ್ತದೆ.

ಹಳಬರಿಗೆ ಬೇರೊಂದು ದಾರಿ ತಿಳಿದಿತ್ತು. ಎಳ್ಳ ಅಮಾವಾಸ್ಯೆಯ ದಿನ ಸಜ್ಜಿ ರೊಟ್ಟಿ, ಭಜ್ಜಿ, ಹೋಳಿಗೆ, ಕಡುಬು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ತೊಗರಿಯ ಕಾಯಿ ಬಲಿಯುವ, ಜೋಳ ತೆನೆಗೆ ಬರುವ ಕಾಲವದು. ಅನ್ನದ ಅಗುಳಿಗೆ ಬಂದ ಹಕ್ಕಿ ಕೀಡಿಯನ್ನೂ ತಿಂದು ಹೋಗುತ್ತದೆಂದು ಇಂದು ನಾವು ವಿವರಿಸುತ್ತೇವೆ. ಭೂಮಿತಾಯಿಯ ಪೂಜೆಯನ್ನು ಕೀಟ ನಿರ್ವಹಣೆಗೆ ಇಳಿಸಿದಿರಿ ಎಂದು ನನ್ನ ತಾಯಿ ಆಕ್ಷೇಪಿಸುತ್ತಾರೆ. ಅವರ ಆಕ್ಷೇಪ ಸರಿಯೇ ಇರಬಹುದು. ಆದರೂ ಹೊಲದಲ್ಲಿ ಹಕ್ಕಿಗೂ ಪಾಲುಂಟು ಎಂಬ ಭಾವನೆ ಆ ಆಚರಣೆಯಲ್ಲಿದೆ ಎಂಬುದನ್ನು ಅವರೂ ಒಪ್ಪುತ್ತಾರೆ.

ಹಂಸದ ಬಗೆಗೆ ಒಂದು ಮಾತು, ಏಕೆಂದರೆ ವಿದ್ಯಾರ್ಥಿಗಳು ಅದನ್ನು ಪದೇಪದೇ ಕೇಳುತ್ತಾರೆ. ನಮ್ಮ ಗುಡಿಗಳ ಕಲ್ಲಿನಲ್ಲಿ, ಹಳೇಬೀಡಿನ ಗೋಡೆಯ ಸಾಲುಗಳಲ್ಲಿ, ಅಜಂತೆಯ ಚಿತ್ರಗಳಲ್ಲಿ ಹಂಸಗಳಿವೆ. ಕ್ಯಾಲೆಂಡರಿನ ಸರಸ್ವತಿಯ ಬಳಿ ನಿಲ್ಲುವ ಬಿಳಿಯ ನೀಳಕತ್ತಿನ ಹಕ್ಕಿ ಯುರೋಪಿನ ಚಿತ್ರಗಳಿಂದ ಬಂದದ್ದು. ಅದು ದಕ್ಷಿಣ ಭಾರತದ ಕೆರೆಗಳ ಹಕ್ಕಿಯಲ್ಲ. ಡಚ್ ವಿದ್ವಾಂಸ ಫೋಗೆಲ್ ಈ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದು, 1962ರಲ್ಲಿ ಪ್ರಕಟವಾದ ಅದರಲ್ಲಿ ಹಂಸವೆಂದರೆ ಹೆಬ್ಬಾತು ಎಂದು ವಾದಿಸಿದ. ತಲೆಯ ಮೇಲೆ ಎರಡು ಕರಿಯ ಪಟ್ಟೆಗಳಿರುವ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್‌ಗಳಿಂದ ಹಿಮಾಲಯವನ್ನು ದಾಟಿ ಪ್ರತಿ ಚಳಿಗಾಲ ಕರ್ನಾಟಕಕ್ಕೆ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಅವುಗಳಿಂದಲೇ ಹೆಸರಾಗಿ, 2024ರಲ್ಲಿ ರಾಮ್ಸಾರ್ ತಾಣವಾಯಿತು. ಸುರಪುರದ ಬಳಿಯ ಬೋನಾಳ ಕೆರೆಗೂ ಅವು ಇಳಿಯುತ್ತವೆ. ಮಾನಸ ಸರೋವರದಿಂದ ಹಂಸ ಬರುತ್ತದೆಂಬ ಕವಿಸಮಯ ಬರಿಯ ಕಲ್ಪನೆಯಲ್ಲ ಎಂದು ನನಗನ್ನಿಸುವುದು ಆ ಕೆರೆಗಳ ದಂಡೆಯಲ್ಲಿ. ಕಲ್ಲಿನಲ್ಲಿ ಹಂಸವನ್ನು ಕಂಡವರು ಒಮ್ಮೆ ಚಳಿಗಾಲದ ಬೆಳಗ್ಗೆ ಬೋನಾಳಕ್ಕೆ ಹೋಗಿ ಬರಬೇಕು. ಕಲ್ಲಿನ ಹಂಸದ ಬಾಲ ಬಳ್ಳಿಯಂತೆ ಸುರುಳಿಯಾಗಿರುತ್ತದೆ, ಕೆರೆಯ ಹಂಸ ಕೆಸರಿನಲ್ಲಿ ಕಾಲೂರಿ ಗದ್ದಲ ಮಾಡುತ್ತಿರುತ್ತದೆ. ನನಗೆ ಎರಡನೆಯದೇ ಹೆಚ್ಚು ಪ್ರಿಯ.

ಇನ್ನು ಕಲ್ಲಿನ ವಿಷಯ. ಸುಣ್ಣಕಲ್ಲಿನ ಗಣಿಗಾರಿಕೆಯನ್ನು ಒಂದೇ ಮಾತಿನಲ್ಲಿ ಖಂಡಿಸಿ ಬರೆಯಲು ನನಗೆ ಮನಸ್ಸು ಬಾರದು. ನನ್ನ ಮನೆಯ ನೆಲವೂ ಪರ್ಸಿ, ಛಾವಣಿಯೂ ಸಿಮೆಂಟು. ಶಹಾಬಾದ್, ವಾಡಿಗಳ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟದ್ದು ಈ ಕಲ್ಲೇ. ಆದರೆ ಗಣಿಗೆ ನೆಲ ಕೊಡುವ ಮುನ್ನ ಆ ನೆಲದ ಮೇಲೆ ಏನಿದೆ ಎಂದು ಬರೆದಿಡುವ ಪದ್ಧತಿ ಕಾಗದದ ಮಟ್ಟಿಗೆ ಉಳಿದಿದೆ. ಪರಿಸರ ವರದಿಗಳ ಪ್ರಾಣಿಪಟ್ಟಿಗಳನ್ನು ಕೆಲವೊಮ್ಮೆ ಓದಿದ್ದೇನೆ. ಒಂದು ಊರಿನ ಪಟ್ಟಿ ಇನ್ನೊಂದು ಊರಿನ ವರದಿಯಲ್ಲಿ ಹಾಗೆಯೇ ಬಂದಿರುವುದನ್ನು ಕಂಡಿದ್ದೇನೆ. ಅದನ್ನು ತಪ್ಪೆಂದು ಹೇಳಬೇಕಾದರೆ ಊರಿನವರಿಗೆ ತಮ್ಮ ಊರಿನ ಹಕ್ಕಿ ಗೊತ್ತಿರಬೇಕು. ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು, 'ಈ ಮಡ್ಡಿಯಲ್ಲಿ ಟಿಟ್ಟಿಭ ಮೊಟ್ಟೆಯಿಡುತ್ತದೆ, ಆ ಹಳೆಯ ಖಣಿಯ ಗೋಡೆಯಲ್ಲಿ ಕೊಂಬಿನ ಗೂಬೆ ಗೂಡು ಮಾಡಿದೆ' ಎಂದು ಚಿತ್ರ ಹಿಡಿದು ತೋರಿಸುವ ಹತ್ತು ಜನ ಪ್ರತಿ ಊರಿನಲ್ಲಿದ್ದರೆ ಸಭೆಯ ರೀತಿಯೇ ಬೇರೆಯಾದೀತು. ಕೈಬಿಟ್ಟ ಖಣಿಗಳನ್ನು ಮುಚ್ಚುವಾಗಲೂ ಇದೇ ಮಾತು. ನೀರು ನಿಂತು ಜೊಂಡು ಬೆಳೆದ ಹಳೆಯ ಖಣಿ ಕೆಲವೊಮ್ಮೆ ಊರಿನ ಕೆರೆಗಿಂತ ಹೆಚ್ಚು ಹಕ್ಕಿಗಳನ್ನು ಸಾಕುತ್ತದೆ. ನೋಡದೆ ಮುಚ್ಚುವುದೂ ನೋಡದೆ ಅಗೆದಂತೆಯೇ.

ಕನಗನಹಳ್ಳಿಯ ಫಲಕಗಳೂ ಬಹುಕಾಲ ಬಿಸಿಲು ಮಳೆಗಳಲ್ಲಿ ಬಯಲಿನಲ್ಲಿಯೇ ಇದ್ದವು. 2022ರಲ್ಲಿ ಅವುಗಳ ಸಂರಕ್ಷಣೆಯ ಕೆಲಸ ಕೈಗೆತ್ತಿಕೊಳ್ಳಲಾಯಿತು, ಸಂತೋಷ. ಆದರೆ ನಮ್ಮ ಐದು ಪಟ್ಟಣಗಳ ಶಾಲೆಗಳು ಪ್ರವಾಸವೆಂದರೆ ಮೈಸೂರಿಗೋ ಹೈದರಾಬಾದಿನ ಪ್ರಾಣಿಸಂಗ್ರಹಾಲಯಕ್ಕೋ ಹೋಗುತ್ತವೆ. ಅಲ್ಲಿ ಜಿರಾಫೆಯನ್ನು ನೋಡಿ ಬಂದ ಮಕ್ಕಳು ಸನ್ನತಿಯ ಆನೆಯನ್ನು ನೋಡಿಲ್ಲ. ಒಂದು ದಿನದ ಪ್ರವಾಸ ಅದು. ಬೆಳಗ್ಗೆ ಸ್ತೂಪದ ಬಳಿ ಕುಳಿತು ಕಲ್ಲಿನ ಪ್ರಾಣಿಯೊಂದನ್ನು ಬರೆಯಬಹುದು, ಸಂಜೆ ಭೀಮೆಯ ದಂಡೆಯಲ್ಲಿ ಜೀವಂತ ಹಕ್ಕಿಯೊಂದನ್ನು ಬರೆಯಬಹುದು. ಖರ್ಚು ಬಸ್ಸಿನದಷ್ಟೆ, ಬುತ್ತಿ ಮನೆಯದು.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಬಗೆಗೆ ಕನ್ನಡದಲ್ಲಿ ಪುಸ್ತಕಗಳನ್ನು ಕೊಟ್ಟರು. ಮಲೆನಾಡಿನ ಒಂದು ಪೀಳಿಗೆಯ ಹುಡುಗರು ಅದನ್ನು ಓದಿ ಕತ್ತೆತ್ತಿ ಮರ ನೋಡಲು ಕಲಿತರು. ನಮ್ಮ ಒಣನೆಲಕ್ಕೆ ಅಂಥ ಪುಸ್ತಕ ಇನ್ನೂ ಬಂದಿಲ್ಲ. ಅದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಬಳಗದ ವತಿಯಿಂದ ಬರುವ ದಸರೆಯ ರಜೆಯಲ್ಲಿ ಆರು ತಾಂಡಾ ಶಾಲೆಗಳಿಗೆ ಬಣ್ಣ ಮತ್ತು ಕುಂಚಗಳನ್ನು ಕೊಡುವ ಏರ್ಪಾಡು ಮಾಡುತ್ತಿದ್ದೇವೆ. ಷರತ್ತು ಒಂದೇ. ಆ ಊರಿನವರು ಕಣ್ಣಾರೆ ಕಂಡ ಪ್ರಾಣಿಯೇ ಗೋಡೆಯ ಮೇಲೆ ಬರಬೇಕು. ಕಂಡದ್ದು ಎಲ್ಲಿ, ಯಾವ ತಿಂಗಳು ಎಂಬುದನ್ನು ಚಿತ್ರದ ಕೆಳಗೆ ಬರೆಯಬೇಕು. ವಿಜಯದಶಮಿಯಂದು ನೀಲಕಂಠವನ್ನು ಕಂಡರೆ ಶುಭವೆಂದು ಹಿರಿಯರು ಹೇಳುತ್ತಾರೆ. ಅದು ನಮ್ಮ ರಾಜ್ಯಪಕ್ಷಿಯೂ ಹೌದು. ಮೊದಲ ಗೋಡೆಗೆ ಅದೇ ಸಾಕು. ಕುಳಿತಾಗ ಮಾಸಲು ಕಂದು, ಹಾರಿದಾಗ ರೆಕ್ಕೆಯೊಳಗಿನ ಎರಡು ನೀಲಿಗಳು. ಎರಡನ್ನೂ ಬರೆಯಬೇಕು, ಇಲ್ಲದಿದ್ದರೆ ಅರ್ಧ ಹಕ್ಕಿ ಮಾತ್ರ ಬರೆದಂತೆ. ಜಿರಾಫೆಯನ್ನು ಅಳಿಸಬೇಕೆ ಎಂದು ಶಿಕ್ಷಕರೊಬ್ಬರು ಕೇಳಿದರು. ಬೇಡ, ಅದು ಇರಲಿ, ಅದರ ಕಾಲಬುಡದಲ್ಲಿ ಜಾಗ ಬಹಳವಿದೆ ಎಂದೆ.

ಆ ದಿನದ ಹಾಳೆಗಳನ್ನು ನಾನು ಮನೆಗೆ ತಂದು ಇಟ್ಟುಕೊಂಡಿದ್ದೇನೆ. ಅವುಗಳ ನಡುವೆ ಒಂದನ್ನು ನಾನು ಅಂದು ಗಮನಿಸಿರಲಿಲ್ಲ, ಏಕೆಂದರೆ ಅದನ್ನು ಬರೆದ ಹುಡುಗ ಮಡಚಿ ಎಲ್ಲಕ್ಕಿಂತ ಕೆಳಗೆ ಸೇರಿಸಿದ್ದ. ಶಾಲೆ ಬಿಟ್ಟ ಮೇಲೆ ಎಮ್ಮೆ ಕಾಯುವ ಹುಡುಗ ಅವನು. ಪೆನ್ಸಿಲಿನಿಂದ ಒತ್ತಿ ಒತ್ತಿ ತುಂಬಿದ ಒಂದು ಕರಿಯ ಹಕ್ಕಿ, ಅದರ ಕೆಳಗೆ ಎಮ್ಮೆಯ ಬೆನ್ನಿನ ಒಂದೇ ಗೆರೆ. ತಲೆ ತುಸು ದೊಡ್ಡದಾಗಿದೆ, ಕಾಲು ಮೂಡಿಯೇ ಇಲ್ಲ. ಬಾಲ ಮಾತ್ರ ತುದಿಯಲ್ಲಿ ಎರಡಾಗಿ ಸೀಳಿ, ಎರಡೂ ಕವಲುಗಳು ಹೊರಕ್ಕೆ ಬಾಗಿವೆ, ಕಾಜಾಣದ ಬಾಲ ಇರುವ ಹಾಗೆಯೇ.